ಎಳೆ ಬಿಸಿಲಿನಲ್ಲಿ ಚಿಟ್ಟೆಯ ಫೋಟೊ

ಚಿಟ್ಟೆಯ ಫೋಟೊ ತೆಗೆಯುವ ಆಸೆಯಿದ್ದವರು ಬೆಳಗಿನ ಎಳೆ ಬಿಸಿಲಿಗೇ ಹೊರಡಿ. ರಾತ್ರಿಯ ತಂಪಿಗೆ ಮೈ ತಣ್ಣಗಾದ ಚಿಟ್ಟೆ, ಬಿಸಿಲಿಗೆ ಮೈ ಕಾಯಿಸಿಕೊಳ್ಳದೆ ಸರಿಯಾಗಿ ಹಾರಲಾರದು. ಹಾಗಾಗಿ ಹೂವಿಗಿಂತ ಮೊದಲು ಬಿಸಿಲು ಬಿದ್ದ ಎಲೆ, ಕಲ್ಲು, ಕಾಲುದಾರಿಯ ಮಣ್ಣನ್ನು ನೋಡಿ. ಅಲ್ಲಿ ರೆಕ್ಕೆ ಅಗಲಿಸಿ ಕುಳಿತಿರುತ್ತದೆ. ಲಂಟಾನ ಪೊದೆಯ ಪೂರ್ವದ ಮಗ್ಗುಲು ನನಗೆ ಬಹಳ ಇಷ್ಟದ ಜಾಗ.

ನಿಮ್ಮ ನೆರಳು ಅದರ ಮೇಲೆ ಬಿದ್ದರೆ ಹಾರಿತೆಂದೇ ಲೆಕ್ಕ. ಬಗ್ಗಿ, ನಿಧಾನವಾಗಿ ಹತ್ತಿರ ಸಾಗಿ. ಹಿಡಿದು ಕೂರಿಸುವುದು ಮಾತ್ರ ಬೇಡವೇ ಬೇಡ. ಬೆರಳಿಗೆ ಅಂಟುವ ಪುಡಿಯೆಲ್ಲ ಅದರ ರೆಕ್ಕೆಯ ಹುರುಪೆ, ಉದುರಿದರೆ ಮತ್ತೆ ಬೆಳೆಯುವುದಿಲ್ಲ.

ರೆಕ್ಕೆ ತೆರೆದಿದ್ದರೆ ಮೇಲಿನಿಂದ, ಮಡಚಿದ್ದರೆ ಪಕ್ಕದಿಂದ, ಕ್ಯಾಮೆರಾ ರೆಕ್ಕೆಗೆ ಸಮಾನಾಂತರವಾಗಿರಲಿ. ಆಗ ಅಂಚಿನ ಸಣ್ಣ ಚುಕ್ಕೆಯೂ ಸ್ಪಷ್ಟವಾಗಿ ಮೂಡುತ್ತದೆ. ಫೋಕಸ್ ಕಣ್ಣಿನ ಮೇಲೆ, ಶಟರ್ ವೇಗ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) 1/500 ಸೆಕೆಂಡಿಗಿಂತ ನಿಧಾನವಾಗದಿರಲಿ.