ಕಚೇರಿ ಕಟ್ಟಡದ ಅಮೂರ್ತ ಫೋಟೊ ತೆಗೆಯುವುದು ಹೇಗೆ?

ಕಟ್ಟಡದ ಬುಡದಲ್ಲಿ ನಿಲ್ಲುವುದು. ವೈಡ್ ಲೆನ್ಸನ್ನು (ಅಗಲದ ನೋಟ ಹಿಡಿಯುವ ಲೆನ್ಸ್) ಮೇಲಕ್ಕೆ ತಿರುಗಿಸಿ ಕ್ಲಿಕ್ ಮಾಡುವುದು. ಮನೆಗೆ ಬಂದು ಕಪ್ಪು ಬಿಳುಪು ಮಾಡುವುದು. ಅಮೂರ್ತ ಕಲೆ ಅಂತ ನನಗೆ ತೋರಿಸಲು ಬರುವ ಫೋಟೊಗಳಲ್ಲಿ ಮುಕ್ಕಾಲು ಪಾಲು ಹೀಗೇ ಹುಟ್ಟಿದವು. ಅದರಲ್ಲಿ ಕಾಣುವುದು ಹಿಂದಕ್ಕೆ ವಾಲಿದ, ಬಣ್ಣ ಕಳೆದುಕೊಂಡ ಒಂದು ಆಫೀಸು, ಅಷ್ಟೇ. ಬಾಗಿಲು ಇದೆ, ಬೋರ್ಡು ಇದೆ, ಮರದ ಕೊಂಬೆಯೂ ಇದೆ. ಅಮೂರ್ತ ಅಂದರೆ ಕಟ್ಟಡ ಅನ್ನುವುದು ಮರೆತು ಗೆರೆ, ಆಕಾರ, ಬೆಳಕಷ್ಟೇ ಕಾಣಬೇಕು.

ಕೆಳಗಿನಿಂದ ನೋಡುವುದೇ ತಪ್ಪು ಅಂತಲ್ಲ. ರಷ್ಯಾದ ಕಲಾವಿದ, ಛಾಯಾಗ್ರಾಹಕ ಅಲೆಕ್ಸಾಂಡರ್ ರೋಡ್ಚೆಂಕೊ 1925ರಲ್ಲಿ ಮಾಸ್ಕೋದ ಒಂದು ಕಟ್ಟಡದ ಬಾಲ್ಕನಿಗಳನ್ನು ಕೆಳಗೆ ನಿಂತೇ ತೆಗೆದರು. ಆದರೆ ಇಡೀ ಕಟ್ಟಡ ಹಿಡಿಯಲು ಹೋಗಲಿಲ್ಲ. ಒಂದರ ಮೇಲೊಂದು ಏರುವ ಬಾಲ್ಕನಿ ಸಾಲನ್ನು ಓರೆಯಾಗಿ ಹಿಡಿದರು. ನಾವೂ ಮಾಡಬೇಕಾದ್ದು ಅದೇ. ಏನನ್ನು ಬಿಡಬೇಕು ಅಂತ ಮೊದಲು ತೀರ್ಮಾನಿಸಿ.

1. ಲೆನ್ಸ್

70-200 ಮಿ.ಮೀ. ಜೂಮ್ ಸಾಕು. ವೈಡ್ ಲೆನ್ಸನ್ನು ಮನೆಯಲ್ಲೇ ಬಿಟ್ಟು ಬನ್ನಿ. ಚೀಲದಲ್ಲಿದ್ದರೆ ಕೈ ಅದಕ್ಕೇ ಹೋಗುತ್ತದೆ.

2. ಬೆಳಕು

ಕಾಂಕ್ರೀಟ್, ಲೋಹದ ಪಟ್ಟಿ ಇರುವ ಗೋಡೆಗೆ ಓರೆ ಬಿಸಿಲು ಬೇಕು. ಬರೀ ಗಾಜಿನ ಗೋಡೆಗೆ ಮೋಡದ ದಿನವೇ ವಾಸಿ. ಬೂದುಬಣ್ಣ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಕರಗುತ್ತಾ ಬರುತ್ತದೆ.

3. ಚೌಕಟ್ಟು

ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ನಿಮ್ಮ ಮುಂದೆ ಎರಡೇ ದಾರಿ ಇವೆ. ಒಂದೋ ಗೋಡೆಗೆ ಪೂರ್ತಿ ನೇರವಾಗಿ ನಿಲ್ಲಿ, ಇಲ್ಲವೇ ಧೈರ್ಯವಾಗಿ ಓರೆ ಮಾಡಿ. ಇವೆರಡರ ನಡುವೆ ನಿಲ್ಲಬೇಡಿ. ಕಿಟಕಿ ಸಾಲು ಒಂದೇ ಡಿಗ್ರಿ ವಾಲಿದರೂ ನೋಡುವವರಿಗೆ ಅದು ಶೈಲಿ ಅನ್ನಿಸುವುದಿಲ್ಲ, ಕೈ ನಡುಗಿದೆ ಅನ್ನಿಸುತ್ತದೆ.

ನೇರ ಅಂದರೆ ಕ್ಯಾಮೆರಾದ ಸೆನ್ಸರ್ (ಒಳಗೆ ಬೆಳಕು ಹಿಡಿಯುವ ಫಲಕ) ಗೋಡೆಗೆ ಸಮಾನಾಂತರವಾಗಿರಬೇಕು. ಕ್ಯಾಮೆರಾದ ಮುಖ ಮೇಲಕ್ಕೆತ್ತಿದ ಕೂಡಲೇ ಉದ್ದ ಗೆರೆಗಳು ಒಂದರತ್ತ ಒಂದು ಬಾಗುತ್ತವೆ. ಹಾಗಾಗಿ ಎದುರು ಕಟ್ಟಡದ ಮೂರು ನಾಲ್ಕನೇ ಮಹಡಿಯೋ, ಪಾರ್ಕಿಂಗ್ ಮಹಡಿಯೋ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಈಗ ಫ್ರೇಮಿನ ಎಡತುದಿಯ ಕಿಟಕಿಯನ್ನೂ ಬಲತುದಿಯ ಕಿಟಕಿಯನ್ನೂ ಹೋಲಿಸಿ. ಎಡಗಡೆಯದು ದೊಡ್ಡದಾಗಿ ಕಂಡರೆ ನೀವು ಎಡಕ್ಕೆ ಜಾಸ್ತಿ ಸರಿದಿದ್ದೀರಿ. ಸುಮ್ನೆ ಕ್ಯಾಮೆರಾ ತಿರುಗಿಸಿದರೆ ಚೌಕಟ್ಟು ಬೇರೆ ಕಿಟಕಿಗಳ ಮೇಲೆ ಹೋಗುತ್ತದೆ. ಟ್ರೈಪಾಡ್ ಎತ್ತಿಕೊಂಡು ಬಲಕ್ಕೆ ನಡೆಯಿರಿ, ಆಮೇಲೆ ಕ್ಯಾಮೆರಾವನ್ನು ಗೋಡೆಗೆ ಹೊಂದಿಸಿ.

ಗಾಜು ಕನ್ನಡಿಯಂತಿದ್ದರೆ ಇನ್ನೂ ಸುಲಭದ ಪರೀಕ್ಷೆ ಇದೆ. ಅದರಲ್ಲಿ ನಿಮ್ಮನ್ನೇ ಹುಡುಕಿ. ನಿಮ್ಮ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಇದ್ದರೆ ಕ್ಯಾಮೆರಾ ನೇರವಾಗಿದೆ. ದೂರದಲ್ಲಿದ್ದರೆ ನೀವು ಒಂದು ಚುಕ್ಕೆ ಮಾತ್ರ. ಆಮೇಲೆ ಅಳಿಸಿಕೊಳ್ಳಿ.

ಸಾಫ್ಟ್‌ವೇರಿನಲ್ಲಿ ಗೆರೆ ನೇರ ಮಾಡಬಹುದಲ್ವಾ ಅಂತ ಕೇಳುತ್ತೀರಿ. ಮಾಡಬಹುದು, ಸ್ವಲ್ಪ ಮಟ್ಟಿಗೆ. ಜಾಸ್ತಿ ಎಳೆದರೆ ಮೇಲಿನ ಕಿಟಕಿಗಳು ಹಿಗ್ಗುತ್ತವೆ, ಅಂಚುಗಳು ಕತ್ತರಿಸಿ ಹೋಗುತ್ತವೆ.

ಇನ್ನು ನಾಲ್ಕು ಅಂಚು. ಕ್ಲಿಕ್ ಮಾಡುವ ಮುಂಚೆ ಕಣ್ಣನ್ನು ಅಂಚಿನಗುಂಟ ಒಂದು ಸುತ್ತು ಓಡಿಸಿ. ಕಿಟಕಿಯ ಸಣ್ಣ ಚೂರು ಒಂದು ಮೂಲೆಯಲ್ಲಿ ಉಳಿದಿದೆಯೇ? ಆ ಚೂರೇ ಚಿತ್ರವನ್ನು ಹಾಳು ಮಾಡುತ್ತದೆ. ಒಂದೋ ಕಿಟಕಿ ಇಡಿಯಾಗಿ ಬರಲಿ, ಇಲ್ಲವೇ ಸರಿಯಾಗಿ ಅರ್ಧಕ್ಕೆ ತುಂಡಾಗಲಿ. ಓರೆ ಗೆರೆ ಇದ್ದರೆ ಅದು ಮೂಲೆಗೆ ನೆಟ್ಟಗೆ ಹೋಗಿ ಸೇರದಿರಲಿ, ಸ್ವಲ್ಪ ಪಕ್ಕಕ್ಕೆ ಬೀಳಲಿ. ಇದು ನನ್ನ ಹಟ, ಒಪ್ಪದವರೂ ಇದ್ದಾರೆ. ಕಡಿಮೆ ಬೆಲೆಯ ಹಲವು ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಚಿತ್ರದ ಸುಮಾರು 95 ಶೇಕಡಾ ಮಾತ್ರ ತೋರಿಸುತ್ತದೆ. ಅಂಚು ನೋಡಲು ಹಿಂದಿನ ಪರದೆಯನ್ನೇ ಬಳಸಿ.

ಕೊನೆಗೆ, ಕಟ್ಟಡದ ಗಾತ್ರ ಬಿಟ್ಟುಕೊಡುವ ಸುಳಿವುಗಳು. ಮನುಷ್ಯ, ಏಸಿ ಪೆಟ್ಟಿಗೆ, ಟ್ಯೂಬ್‌ಲೈಟ್ ಕಂಡರೆ ಮಿದುಳು ತಕ್ಷಣ ‘ಓ, ಆಫೀಸು’ ಅನ್ನುತ್ತದೆ. ಕಿಟಕಿಯ ಬ್ಲೈಂಡ್‌ಗಳಂತೂ ದೊಡ್ಡ ಕಾಟ. ಒಬ್ಬರು ಕಾಲುಭಾಗ ಇಳಿಸಿರುತ್ತಾರೆ, ಇನ್ನೊಬ್ಬರದು ಸೊಟ್ಟಗೆ ನೇತಾಡುತ್ತಿರುತ್ತದೆ. ಈ ಗಲೀಜು ಬೇಡವೆಂದೇ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ನ್ಯೂಯಾರ್ಕಿನ ಸೀಗ್ರಾಮ್ ಕಟ್ಟಡದಲ್ಲಿ (1958) ಬ್ಲೈಂಡ್‌ಗಳಿಗೆ ಮೂರೇ ಸ್ಥಿತಿ ಇಟ್ಟರು: ಪೂರ್ತಿ ತೆರೆದದ್ದು, ಅರ್ಧ, ಪೂರ್ತಿ ಮುಚ್ಚಿದ್ದು. ಎಲ್ಲ ಕಟ್ಟಡಕ್ಕೂ ಅಂಥ ಯಜಮಾನ ಸಿಗುವುದಿಲ್ಲ. ನೂರು ಕಿಟಕಿಗಳಲ್ಲಿ ಐದಾರು ಸೊಟ್ಟಗಿದ್ದರೆ ಜಾಗ ಬದಲಿಸಿ. ಒಂದೇ ಒಂದು ಸೊಟ್ಟಗಿದ್ದರೆ ಬಿಡಬೇಡಿ. ಆ ಒಂದೇ ನಿಮ್ಮ ಚಿತ್ರ.

4. ಫಿಲ್ಟರ್

ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿದರೆ ಪ್ರತಿಬಿಂಬ ಮಾಯ ಅನ್ನುವುದು ಅರ್ಧ ಸತ್ಯ. ಗಾಜಿನಿಂದ ಸುಮಾರು 35 ಡಿಗ್ರಿ ಓರೆಯಲ್ಲಿ ನೋಡಿದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನೇರ ಎದುರು ನಿಂತರೆ ಏನೂ ಆಗುವುದಿಲ್ಲ. ಲೋಹದ ಲೇಪ ಇರುವ ಗಾಜಿನಲ್ಲೂ ಪೂರ್ತಿ ಹೋಗುವುದಿಲ್ಲ. ಅಷ್ಟಕ್ಕೂ ಪ್ರತಿಬಿಂಬ ಯಾಕೆ ತೆಗೆಯಬೇಕು? ಎದುರು ಕಟ್ಟಡ ಗಾಜಿನಲ್ಲಿ ಅಲೆಯಲೆಯಾಗಿ ಕಾಣುವುದೇ ಎಷ್ಟೋ ಸಲ ಒಳ್ಳೆಯ ಚಿತ್ರ.

ತಿರುಗಿಸಿದಷ್ಟೂ ಬೆಳಕು ತಗ್ಗಿಸುವ ಅಗ್ಗದ ವೇರಿಯಬಲ್ ಎನ್‌ಡಿ ಫಿಲ್ಟರ್ ಮಾತ್ರ ಕೊಳ್ಳಬೇಡಿ. ಕೊನೆಯವರೆಗೆ ತಿರುಗಿಸಿದರೆ ಆಕಾಶದ ಮೇಲೆ ಕಪ್ಪು ಇಂಟು ಗುರುತು ಮೂಡುತ್ತದೆ. ನಾನು ಒಂದು ಇಡೀ ದಿನದ ಕೆಲಸವನ್ನು ಹಾಗೆ ಕಳೆದುಕೊಂಡೆ. ಮೋಡ ಎಳೆಎಳೆಯಾಗಿ ಬರಬೇಕೆಂದರೆ 10 ಸ್ಟಾಪ್‌ನ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧಕ್ಕಿಳಿಯುತ್ತದೆ) ಒಂದೇ ಫಿಲ್ಟರ್ ತನ್ನಿ. ಬೆಳಕು ಸುಮಾರು ಸಾವಿರ ಪಟ್ಟು ಕಡಿಮೆಯಾಗುತ್ತದೆ. ಸೆಕೆಂಡಿನ 1/125 ಭಾಗ ತೆರೆದಿರುತ್ತಿದ್ದ ಶಟರ್ 8 ಸೆಕೆಂಡ್ ತೆರೆದಿರಬೇಕಾಗುತ್ತದೆ. ಮೋಡ ಚೆನ್ನಾಗಿ ಹರಡಲು ಅದೂ ಸಾಲದು. ಇನ್ನಷ್ಟು ಬೆಳಕು ಇಳಿಯುವವರೆಗೆ ಕಾಯಿರಿ. ಆದರೂ ಹೇಳುತ್ತೇನೆ, ಈ ಎಳೆಮೋಡ ಸಾಕಾಗಿ ಹೋಗಿದೆ.

5. ಕ್ಲಿಕ್

ಟ್ರೈಪಾಡ್, ಎಫ್/8 (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ 100 (ಬೆಳಕಿಗೆ ಸ್ಪಂದಿಸುವ ಮಟ್ಟ), ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್). ಕೈನಡುಕ ಸರಿಪಡಿಸುವ ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿ. ಕಾವಲುಗಾರರು ಬಂದರೆ ಪರದೆ ತೋರಿಸಿ ಮಾತಾಡಿ. ಬೇಡ ಅಂದರೆ ಹೊರಡಿ.

6. ಕಂಪ್ಯೂಟರಿನಲ್ಲಿ

ಒಂದೇ ಒತ್ತಿಗೆ ಕಪ್ಪು ಬಿಳುಪು ಮಾಡುವ ಫಿಲ್ಟರ್ ಬೇಡ. ಒಂದೊಂದು ಬಣ್ಣಕ್ಕೂ ಬೇರೆ ಸ್ಲೈಡರ್ ಇರುವ ಕಡೆ ನೀಲಿಯದನ್ನು ತಗ್ಗಿಸಿ ಆಕಾಶ ಕಪ್ಪಾಗಿಸಿ. ಆದರೆ ಗೋಡೆಯ ಅಂಚಿನಲ್ಲಿ ಬಿಳಿ ಗೆರೆ ಎದ್ದಿತೇ ಅಂತ ಶೇಕಡಾ 100ಕ್ಕೆ ಹಿಗ್ಗಿಸಿ ನೋಡಿ. ಎದ್ದಿದ್ದರೆ ಹಿಂದಕ್ಕೆ ಬನ್ನಿ. ಸಣ್ಣ ಜಾಲರಿಯಂಥ ಗೋಡೆಯಲ್ಲಿ ಅಲೆಯಂಥ ಗುರುತು ಕಾಣಬಹುದು. ಅದು ಮೊಯ್ರೆ. ಪರದೆಯಲ್ಲಿ ಚಿತ್ರ ಚಿಕ್ಕದಾದಾಗ ಮಾತ್ರ ಬಂದರೆ ಚಿಂತೆಯಿಲ್ಲ, ಪೂರ್ಣ ಗಾತ್ರದಲ್ಲೂ ಇದ್ದರೆ ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ತೆಗೆಯಬೇಕು.

ಎಲ್ಲ ಮುಗಿದ ಮೇಲೆ ಚಿತ್ರವನ್ನು ತಲೆಕೆಳಗು ಮಾಡಿ. ಆಗಲೂ ಕಣ್ಣಿಗೆ ಹಿತವಾಗಿದ್ದರೆ ಮ್ಯಾಟ್ ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಕಟ್ಟಡ ಉಲ್ಟಾ ನಿಂತ ಹಾಗೆ ಕಂಡರೆ ಇನ್ನೂ ಕತ್ತರಿಸುವುದಿದೆ.