ಅಸರ್‌ನಿಂದ ಮಗ್ರಿಬ್‌ವರೆಗೆ: ಮಕ್ಕಳ ಆಟಕ್ಕೊಂದು ಕ್ರಮ

ಕಾಸರಗೋಡಿನ ಉಪ್ಪಳ, ಕುಂಬಳೆ, ಮೊಗ್ರಾಲ್ ಕಡೆಯ ನಮ್ಮ ಮನೆಗಳಲ್ಲಿ ಮಕ್ಕಳ ದಿನ ಬೆಳಗ್ಗಿನ ಮದ್ರಸದಿಂದ ಶುರುವಾಗಿ ಶಾಲೆ, ಟ್ಯೂಷನ್ ಎಂದು ಕಳೆದುಹೋಗುವುದರಿಂದ, ಆಟಕ್ಕೆ ಉಳಿಯುವುದು ಅಸರ್ (ಇಳಿಹೊತ್ತಿನ ನಮಾಜ್) ಮತ್ತು ಮಗ್ರಿಬ್ (ಸೂರ್ಯಾಸ್ತದ ನಮಾಜ್) ನಡುವಿನ ಹೊತ್ತು ಮಾತ್ರ. ಅದನ್ನೂ ಮನೆಪಾಠಕ್ಕೆ ಕಸಿದುಕೊಳ್ಳದಿರುವುದು ಹೆತ್ತವರ ಮೊದಲ ಕೆಲಸ. ಅಸರ್ ನಮಾಜ್ ಮುಗಿಸಿ ಹೊರಡಲಿ, ಮಗ್ರಿಬ್‌ನ ಬಾಂಗ್ (ನಮಾಜಿನ ಕರೆ) ಕೇಳುತ್ತಲೇ ಅಂಗಳ ದಾಟಿ ಒಳಗೆ ಬರಲಿ. ಕತ್ತಲು ಕವಿಯುವಾಗ ಮಕ್ಕಳನ್ನು ಮನೆಯೊಳಗೆ ಇರಿಸಿಕೊಳ್ಳಬೇಕೆಂಬ ಪ್ರವಾದಿ ವಚನ ‘ಬುಖಾರಿ’ ಎಂಬ ಹದೀಸ್ (ಪ್ರವಾದಿ ವಚನಗಳ) ಸಂಗ್ರಹದಲ್ಲಿದೆ. ಗದರುವ ಬದಲು ಬಾಂಗನ್ನೇ ಗಡಿಯಾರವಾಗಿಸಿದರೆ ದಿನದ ಜಗಳ ಅರ್ಧ ಇಳಿಯುತ್ತದೆ.

ಆಟ ಯಾವುದೆಂಬುದಕ್ಕಿಂತ ಅದರ ನಿಯಮ ಏನೆಂಬುದನ್ನು ನೋಡಿ. ಗೋಲಿಯಾಟದಲ್ಲಿ ಗೆದ್ದವನು ಸೋತವನ ಗೋಲಿಗಳನ್ನು ಜೇಬಿಗಿಳಿಸಿದರೆ ಅದು ಜೂಜಿಗೆ ಹತ್ತಿರವಾಯಿತು, ಜೂಜನ್ನು ಕುರ್‌ಆನಿನ 5ನೇ ಅಧ್ಯಾಯದ 90ನೇ ವಚನ ನಿಷೇಧಿಸಿದೆ. ಹಾಗೆಂದು ಗೋಲಿಗಳನ್ನೇ ಬಾವಿಗೆ ಎಸೆಯಬೇಕಾಗಿಲ್ಲ. ಆಟಕ್ಕೆ ಮೊದಲು ಅವರವರ ಗೋಲಿಗಳನ್ನು ಎಣಿಸಿ, ಗೆದ್ದ ಲೆಕ್ಕವನ್ನು ಮುರಕಲ್ಲಿನ ಮೇಲೆ ಇದ್ದಿಲಿನಿಂದ ಗೀಚಿ, ಕೊನೆಗೆ ಅವರವರದ್ದನ್ನು ಅವರಿಗೇ ಹಿಂದಿರುಗಿಸಲಿ. ನನ್ನ ಅನುಭವದಲ್ಲಿ ಮಕ್ಕಳು ಒಂದೆರಡು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಇದ್ದಿಲ ಗೀಟುಗಳಿಗಾಗಿಯೇ ಹೊಡೆದಾಡಲು ಶುರುಮಾಡುತ್ತಾರೆ! ದಾಳವನ್ನು ಖಂಡಿಸುವ ಹದೀಸ್ ‘ಮುಸ್ಲಿಂ’ ಎಂಬ ಇನ್ನೊಂದು ಸಂಗ್ರಹದಲ್ಲಿರುವುದರಿಂದ ಲೂಡೋ ಬೇಡವೆನ್ನುವ ಉಸ್ತಾದರು (ಮದ್ರಸದ ಗುರುಗಳು) ಇದ್ದಾರೆ; ಅಂಥ ಮನೆಗಳಿಗೆ ಮಳೆಗಾಲದಲ್ಲಿ ಚೆನ್ನೆಮಣೆಗಿಂತ ಒಳ್ಳೆಯದಿಲ್ಲ, ಅದರ 14 ಗುಳಿಗಳಲ್ಲಿ ನಾಲ್ಕು ನಾಲ್ಕು ಮಂಜೊಟ್ಟಿ ಕಾಳು ಹಾಕಿ ಎಣಿಸುತ್ತ ಸಾಗುವಾಗ ದಾಳದ ಮಾತೇ ಬರುವುದಿಲ್ಲ. ಕವಣೆ ಹಿಡಿದು ಹಕ್ಕಿಗೆ ಗುರಿಯಿಡುವುದನ್ನು ಮಾತ್ರ ಒಂದೇ ಮಾತಿನಲ್ಲಿ ನಿಲ್ಲಿಸಿ, ಜೀವವಿರುವುದನ್ನು ಗುರಿಯಾಗಿಸುವುದನ್ನು ಪ್ರವಾದಿಯವರು ತಡೆದಿದ್ದರು.

ಹುಡುಗಿಯರ ಆಟದ ವಿಷಯದಲ್ಲಿ ನಮ್ಮವರು ಅನಗತ್ಯವಾಗಿ ಬಿಗಿಯಾಗಿದ್ದಾರೆ. ಪ್ರವಾದಿಯವರ ಪತ್ನಿ ಆಯಿಷಾರವರು ಗೆಳತಿಯರೊಡನೆ ಗೊಂಬೆಯಾಡುತ್ತಿದ್ದರು, ನಾಚಿ ಅಡಗಿದ ಗೆಳತಿಯರನ್ನು ಪ್ರವಾದಿಯವರೇ ಮತ್ತೆ ಆಟಕ್ಕೆ ಕಳುಹಿಸುತ್ತಿದ್ದರು. ಪ್ರವಾದಿಯವರೊಡನೆ ಅವರು ಓಟದ ಪಂದ್ಯವನ್ನೂ ಓಡಿದ್ದರು. ಮಗಳಿಗೆ ಅಂಗಳದಲ್ಲಿ ಹಗ್ಗ, ಕುಂಟೆಬಿಲ್ಲೆ, ಅಡಕೆಹಾಳೆಯ ಬಂಡಿ ಇರಲಿ. ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಎಳೆಯುವಾಗ ಅವಳ ನಗು ತೋಟದಾಚೆಗೂ ಕೇಳಿಸಲಿ. ಹುಡುಗರ ಫುಟ್‌ಬಾಲ್‌ಗೆ ಮೊಣಕಾಲು ಮುಚ್ಚುವ ಚಡ್ಡಿ ಕೊಡಿಸಿದರೆ ಸಾಕು.

ಉಪವಾಸದ ತಿಂಗಳಾದ ರಮಳಾನಿನಲ್ಲಿ ಕ್ರಮ ಬದಲಾಗಬೇಕು. ಮುಹರ್ರಂ ಹತ್ತರ ಆಶೂರಾ ಉಪವಾಸದ ದಿನ ಮಕ್ಕಳು ಹಸಿದು ಅತ್ತಾಗ ಉಣ್ಣೆಯ ಆಟಿಕೆ ಕೊಟ್ಟು ಇಫ್ತಾರ್‌ವರೆಗೆ ಮನಸ್ಸು ತಿರುಗಿಸುತ್ತಿದ್ದೆವೆಂದು ಸಹಾಬಿ (ಪ್ರವಾದಿಯವರ ಕಾಲದ ಅನುಯಾಯಿ) ಮಹಿಳೆ ರುಬಯ್ಯಿಅ್ ಹೇಳಿದ್ದಾರೆ. ಅದರಂತೆ ಲುಹರ್ (ಮಧ್ಯಾಹ್ನದ ನಮಾಜ್) ಕಳೆದ ಮೇಲೆ ಓಡುವ ಆಟವನ್ನು ಬದಿಗಿಟ್ಟು, ಬಟ್ಟೆಚೂರು, ತೆಂಗಿನಗರಿ, ಚೆನ್ನೆಮಣೆ ಮುಂದಿಡಿ. ಅಷ್ಟಾದರೂ ತಡೆಯಲಾರದೆ ಎಳೆಯ ಮಗು ನೀರು ಕೇಳಿದರೆ ಕೊಟ್ಟುಬಿಡಿ, ಉಪವಾಸ ಅದಕ್ಕಿನ್ನೂ ಕಡ್ಡಾಯವಾಗಿಲ್ಲ.