ಆಟದ ಕಣಕದಿಂದ ಅಕ್ಷರ, ಅಂಕಿ ಕಲಿಸಿದ ನನ್ನ ಅನುಭವ

ಗದಗ-ಬೆಟಗೇರಿಯ ಶಿಶುವಿಹಾರವೊಂದರಲ್ಲಿ ನಾಲ್ಕೈದು ವರ್ಷದ ಮಕ್ಕಳಿಗೆ ಕಲಿಸುವ ನಾನು, ಅವರ ಕೈಗೆ ಪಾಟಿ, ಬಳಪ ಕೊಡುವ ಮೊದಲು ಮೈದಾ ಕಣಕವನ್ನು ಕೊಡುತ್ತೇನೆ. ಬಳಪವನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಬಲ ಆ ಬೆರಳುಗಳಿಗೆ ಇನ್ನೂ ಬಂದಿರುವುದಿಲ್ಲ. ಕಣಕವನ್ನು ನಾದುತ್ತ, ಚಿವುಟುತ್ತ, ಎಳೆ ಹೊಸೆಯುತ್ತ ಅದು ಕೂಡುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮನೆಗಳ ಮಕ್ಕಳಿಗೆ ಇದು ಹೊಸ ಕೆಲಸವೂ ಅಲ್ಲ. ಆದರೆ ನಮ್ಮ ಎರೆಮಣ್ಣು ಒಣಗಿದಂತೆ ಕುಗ್ಗಿ ಬಿರಿಯುವುದರಿಂದ ತೆಳ್ಳನೆಯ ಅಕ್ಷರಗಳು ಅದರಲ್ಲಿ ಉಳಿಯುವುದಿಲ್ಲ, ಜೋಳದ ಹಿಟ್ಟಿಗೋ ಗೋಧಿಯ ಜಿಗುಟಿಲ್ಲ.

2 ಬಟ್ಟಲು ಮೈದಾ, 1 ಬಟ್ಟಲು ಪುಡಿ ಉಪ್ಪು, 2 ಚಮಚ ಎಣ್ಣೆ ಕೂಡಿಸಿ, ಸುಮಾರು 1 ಬಟ್ಟಲು ಬೆಚ್ಚನೆಯ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ, ಹೋಳಿಗೆಯ ಕಣಕಕ್ಕಿಂತ ಗಟ್ಟಿಯಾಗಿ ನಾದುತ್ತೇನೆ. ಬಣ್ಣಕ್ಕೆ ಅರಿಷಿಣ ಇಲ್ಲವೇ ಬೀಟ್‌ರೂಟ್ ರಸ ಸಾಕು. ಉಪ್ಪಿನಿಂದಾಗಿ ಬೇಗ ಬೂಸ್ಟು ಹಿಡಿಯುವುದಿಲ್ಲ; ಆದರೆ ಅಷ್ಟು ಉಪ್ಪು ಮಕ್ಕಳ ಹೊಟ್ಟೆಗೆ ಹೋಗಬಾರದು, ಆದ್ದರಿಂದ ಆಟ ಮುಗಿಯುವವರೆಗೆ ನಾನು ಅವರ ನಡುವಿನಿಂದ ಏಳುವುದಿಲ್ಲ. “ಅಕ್ಕೋರ, ಇದು ಉಣ್ಣೋ ಹಿಟ್ಟ ಐತ್ರಿ, ಆಟಕ್ಕ ಹಚ್ಚಬ್ಯಾಡ್ರಿ” ಎಂದು ಅಜ್ಜಿಯೊಬ್ಬರು ಹೇಳಿದ ಮಾತು ನನಗೂ ಸರಿಯೆನಿಸಿತು. ಅಂದಿನಿಂದ ಹಳೆಯದಾಗಿ ಅಡುಗೆಗೆ ಬಾರದ ಮೈದಾವನ್ನೇ ಸಾಣಿಸಿ ಬಳಸುತ್ತೇನೆ.

ಕನ್ನಡ ಅಕ್ಷರಗಳು ದುಂಡಗಿರುವುದರಿಂದ ಹೊಸೆದ ಎಳೆ ಅವುಗಳಿಗೆ ಚೆನ್ನಾಗಿ ಒಗ್ಗುತ್ತದೆ. ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ‘ನಲಿ-ಕಲಿ’ ತರಗತಿಗಳಲ್ಲಿ ರೂಢಿಯಲ್ಲಿರುವ ‘ರ, ಗ, ಸ, ದ, ಅ’ ಕ್ರಮವನ್ನೇ ಹಿಡಿಯುತ್ತೇನೆ. ಎಳೆಯನ್ನು ಬಳೆಯಂತೆ ಬಾಗಿಸಿ ತಲೆಕಟ್ಟು ಇಟ್ಟರೆ ‘ರ’ ಆಗುತ್ತದೆ. ಅದರ ನಡುವೆ ಕಾಳಿನಷ್ಟು ಕಣಕ ಒತ್ತಿದರೆ ‘ಠ’. ‘ದ’ ಮಾಡಿದ್ದ ಹುಡುಗಿಯೊಬ್ಬಳು ಉಗುರಿನಿಂದ ಚೂರು ಕಣಕ ಚಿವುಟಿ, ಅಡಿಗೆ ಅಂಟಿಸಿ, ‘ಧ’ ಎಂದು ಉಸಿರು ಬಿಟ್ಟು ಹೇಳಿದಳು. ಚೂರನ್ನು ಕಿತ್ತು ‘ದ’ ಎಂದಳು, ಮತ್ತೆ ಅಂಟಿಸಿದಳು. ಪಾಟಿಯ ಮೇಲೆ ಬರೆದು ತೋರಿಸಿದಾಗ ಕಣ್ಣಿಗೆ ಬೀಳದ ಆ ಸಣ್ಣ ಗೆರೆ, ತಾನೇ ಅಂಟಿಸಿ ಕೀಳುವಾಗ ತಪ್ಪದೆ ನೆನಪಿನಲ್ಲಿ ನಿಲ್ಲುತ್ತದೆ ಎಂಬುದೇ ಈ ವಿಧಾನದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಿನದಾಗಿ ಕಂಡಿದೆ. ‘ಪ’ದೊಳಗೆ ಗೆರೆಯೊಂದನ್ನು ಇಟ್ಟು ‘ಷ’ ಮಾಡುವಾಗಲೂ ಹೀಗೆಯೇ.

ಆದರೆ ಕಣಕ ಅಕ್ಷರದ ಆಕಾರವನ್ನು ಕಲಿಸುತ್ತದೆಯೇ ಹೊರತು ಬರೆಯುವ ದಿಕ್ಕನ್ನಲ್ಲ, ಏಕೆಂದರೆ ಮಗು ಎಳೆಯನ್ನು ಯಾವ ತುದಿಯಿಂದಲಾದರೂ ಜೋಡಿಸಬಹುದು. ಆದ್ದರಿಂದ ಅಕ್ಷರ ಸಿದ್ಧವಾದ ಮೇಲೆ, ಬಳಪ ಎಲ್ಲಿಂದ ಹೊರಡಬೇಕೋ ಅಲ್ಲಿಂದಲೇ ತೋರುಬೆರಳನ್ನು ಅದರ ಮೇಲೆ ಆಡಿಸಿ, ಧ್ವನಿಯನ್ನು ಹೇಳಿಸುತ್ತೇನೆ. ಈ ಹಂತವನ್ನು ಬಿಟ್ಟರೆ ಉಳಿದದ್ದೆಲ್ಲ ಬರೀ ಆಟವಾಗುತ್ತದೆ.

ಅಂಕಿಗಳಲ್ಲಿ ಆಕಾರಕ್ಕಿಂತ ಎಣಿಕೆಗೆ ಒತ್ತು ಕೊಡುತ್ತೇನೆ. 5 ಮಾಡಿದವರು ಅದರ ಕೆಳಗೆ ಐದು ಉಂಡೆ ಇಡಬೇಕು. ಒಂದು ಉಂಡೆಯನ್ನು ಚಪ್ಪಟೆ ಮಾಡಿದರೆ ಕೆಲವರು ಹೆಚ್ಚಾಯಿತೆನ್ನುತ್ತಾರೆ; ನಾನು ತಿದ್ದದೆ ಮತ್ತೆ ಎಣಿಸಲು ಹೇಳುತ್ತೇನೆ. ಒಂದೊಂದೇ ಉಂಡೆ ತೆಗೆಯುತ್ತ ಅಂಕಿಯನ್ನೂ ಬದಲಿಸುತ್ತ ಹೋಗಿ, ತಟ್ಟೆ ಬರಿದಾದಾಗ ಸೊನ್ನೆ ಇಡುತ್ತಾರೆ. ಕನ್ನಡದ ಅಂಕಿಗಳನ್ನು ಮಾತ್ರ ಅಕ್ಷರಗಳು ಗಟ್ಟಿಯಾದ ನಂತರವೇ ತರುತ್ತೇನೆ. ೧ಕ್ಕೆ ತಲೆಕಟ್ಟು ಇಟ್ಟರೆ ‘ಗ’ದಂತೆಯೇ ಕಾಣುವುದರಿಂದ, ಎರಡನ್ನೂ ಒಟ್ಟಿಗೆ ಕಲಿಸಿದರೆ ಮಕ್ಕಳು ಗಲಿಬಿಲಿಗೊಳ್ಳುತ್ತಾರೆ.